ಇಂಗ್ಲಿಷ್ ಕಲಿಸುವ ತರಬೇತಿ: ಯಾವ ಪ್ರಮಾಣಪತ್ರಕ್ಕೆ ಹಣ ಕಟ್ಟಬೇಕು?



ಕೆಲವು ವರ್ಷಗಳಿಂದ ನಮ್ಮ ವಿದ್ಯಾರ್ಥಿವೇತನ ಸಮಿತಿಗೆ ಹೊಸ ಬಗೆಯ ಅರ್ಜಿಯೊಂದು ಬರುತ್ತಿದೆ. ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ ಪಡೆಯಬೇಕು, ಅದರ ಶುಲ್ಕಕ್ಕೆ ನೆರವು ಬೇಕು ಎಂಬ ಅರ್ಜಿ ಅದು. ಬರೆಯುವವರಲ್ಲಿ ಹೆಚ್ಚಿನವರು ಬಿ.ಎ. ಅಥವಾ ಬಿ.ಕಾಂ. ಮುಗಿಸಿದ ಹೆಣ್ಣುಮಕ್ಕಳು. ಕೆಲವರು ಮದುವೆಯಾಗಿ ಗಂಡನ ಜತೆ ದುಬೈಗೋ ದಮ್ಮಾಮಿಗೋ ಹೊರಟಿದ್ದಾರೆ. ಅಲ್ಲಿ ಮನೆಯಲ್ಲಿ ಸುಮ್ಮನೆ ಕೂರುವ ಬದಲು ಕಲಿಸುವ ಕೆಲಸ ಹಿಡಿಯುವ ಆಸೆ ಅವರದು. ಇನ್ನು ಕೆಲವರಿಗೆ ಊರಲ್ಲೇ ಇದ್ದು ಆನ್‌ಲೈನ್ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುವ ಆಸೆ. ಎರಡೂ ಒಳ್ಳೆಯ ಆಸೆಗಳೇ. ಆದರೆ ಅರ್ಜಿಯ ಜತೆ ಲಗತ್ತಿಸಿದ ಕೋರ್ಸಿನ ಮಾಹಿತಿಯನ್ನು ಓದಲು ಕುಳಿತರೆ ತಲೆ ಸುತ್ತುತ್ತದೆ. ಒಂದರ ಶುಲ್ಕ ಕೆಲವೇ ಸಾವಿರ, ಇನ್ನೊಂದರದ್ದು ಲಕ್ಷ ದಾಟುತ್ತದೆ. ಎರಡರಲ್ಲೂ '120 ಗಂಟೆ' ಎಂದಿರುತ್ತದೆ, ಎರಡರಲ್ಲೂ 'ಅಂತಾರಾಷ್ಟ್ರೀಯ ಮಾನ್ಯತೆ' ಎಂದಿರುತ್ತದೆ.

ಈ ವಿಷಯದಲ್ಲಿ ನಾವೂ ಒಮ್ಮೆ ಎಡವಿದ್ದೇವೆ. ಅದನ್ನು ವರದಿಯಲ್ಲಿ ಮುಚ್ಚಿಡುವುದು ಸರಿಯಲ್ಲ. ಆಟೋ ಓಡಿಸುವ ತಂದೆಯ ಮಗಳೊಬ್ಬಳು, ಬಿ.ಎ.ಯಲ್ಲಿ ಒಳ್ಳೆಯ ಅಂಕ ಪಡೆದವಳು, ಆನ್‌ಲೈನ್ ಪ್ರಮಾಣಪತ್ರವೊಂದಕ್ಕೆ ಅರ್ಜಿ ಹಾಕಿದಳು. ನಾವು ಮಂಜೂರು ಮಾಡಿದೆವು. ಆಕೆ ಶ್ರದ್ಧೆಯಿಂದ ಎಲ್ಲ ವಿಡಿಯೋ ನೋಡಿ, ಎಲ್ಲ ಪ್ರಶ್ನೆಗಳಿಗೆ ಉತ್ತರ ಗುರುತಿಸಿ, ಚಿನ್ನದ ಬಣ್ಣದ ಮುದ್ರೆಯಿದ್ದ ಪ್ರಮಾಣಪತ್ರ ಪಡೆದಳು. ಕೊಲ್ಲಿಗೆ ಹೋದ ಮೇಲೆ ಒಂದು ಶಾಲೆಯಲ್ಲಿ ಕೆಲಸ ಕೇಳಿದಾಗ, "ಬಿ.ಎಡ್. ಇದೆಯೇ?" ಎಂದರು. ಇರಲಿಲ್ಲ. ಭಾಷಾ ತರಬೇತಿ ಕೇಂದ್ರವೊಂದರಲ್ಲಿ ಕೇಳಿದಾಗ, "ಪರಿಣತರ ಎದುರು ಎಷ್ಟು ಗಂಟೆ ಪಾಠ ಮಾಡಿದ್ದೀರಿ?" ಎಂದರು. ಒಂದು ಗಂಟೆಯೂ ಇರಲಿಲ್ಲ. ಆಕೆಯ ಪ್ರಯತ್ನದಲ್ಲಿ ಕೊರತೆ ಇರಲಿಲ್ಲ. ಈ ಎರಡು ಪ್ರಶ್ನೆಗಳನ್ನು ಹಣ ಕೊಡುವ ಮೊದಲು ನಾವೇ ಕೇಳಬೇಕಿತ್ತು; ಕೇಳಲಿಲ್ಲ.

ದಾನಿಗಳು ನಮ್ಮ ಕೈಗೆ ಕೊಟ್ಟ ಹಣ ಅಮಾನತ್ತು. ಅದು ಹೀಗೆ ಮತ್ತೊಮ್ಮೆ ಪೋಲಾಗಬಾರದು, ಮಕ್ಕಳ ಒಂದು ವರ್ಷವೂ ಪೋಲಾಗಬಾರದು. ಆದ್ದರಿಂದ ಈ ಪ್ರಮಾಣಪತ್ರಗಳ ಬಗ್ಗೆ ನಾವು ಕಲಿತದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಹೆಸರುಗಳ ಗೊಂದಲ

ಮೊದಲು ಹೆಸರು. 'ಟೆಫಲ್' ಎಂದರೆ ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವುದು. 'ಟೆಸಾಲ್' ಎಂದರೆ ಬೇರೆ ಭಾಷೆ ಆಡುವವರಿಗೆ ಇಂಗ್ಲಿಷ್ ಕಲಿಸುವುದು. ಇವೆರಡೂ ಕೆಲಸದ ಹೆಸರುಗಳು, ಯಾವುದೋ ಒಂದು ಸಂಸ್ಥೆಯ ಪದವಿಯ ಹೆಸರುಗಳಲ್ಲ. 'ಹೊಲಿಗೆ ತರಬೇತಿ' ಎಂದಂತೆ. ಹೊಲಿಗೆ ಕಲಿಸುತ್ತೇವೆಂದು ಯಾರು ಬೇಕಾದರೂ ಬೋರ್ಡು ಹಾಕಬಹುದು, ಕೊನೆಯಲ್ಲಿ ಒಂದು ಪ್ರಮಾಣಪತ್ರವನ್ನೂ ಕೊಡಬಹುದು. ಅಲ್ಲಿ ಕಲಿತವರು ರವಿಕೆ ಹೊಲಿಯಬಲ್ಲರೇ ಎಂಬುದು ಬೇರೆ ಪ್ರಶ್ನೆ. ಹಾಗೆಯೇ 'ಟೆಫಲ್ ಪ್ರಮಾಣಪತ್ರ' ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಯಾರು ಕೊಟ್ಟದ್ದು, ಒಳಗೆ ಏನಿದೆ ಎಂಬುದನ್ನೇ ನೋಡಬೇಕು.

ಈ ಕ್ಷೇತ್ರದಲ್ಲಿ ಎರಡು ಪ್ರಮಾಣಪತ್ರಗಳು ಮಾತ್ರ ಹೆಸರು ಹೇಳಿದ ಕೂಡಲೇ ಜಗತ್ತಿನ ಹೆಚ್ಚಿನ ಭಾಷಾ ಕೇಂದ್ರಗಳಿಗೆ ತಿಳಿಯುತ್ತವೆ. ಒಂದು, ಕೇಂಬ್ರಿಜ್ ಕೊಡುವ 'ಸೆಲ್ಟಾ'. ಇನ್ನೊಂದು, ಟ್ರಿನಿಟಿ ಕಾಲೇಜ್ ಲಂಡನ್ ಕೊಡುವ 'ಸರ್ಟ್ ಟೆಸಾಲ್'. ಬ್ರಿಟಿಷ್ ಕೌನ್ಸಿಲ್‌ನಂತಹ ಸಂಸ್ಥೆಗಳು ಶಿಕ್ಷಕರನ್ನು ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ಇವೆರಡರಲ್ಲಿ ಒಂದನ್ನೋ ಅಥವಾ ಇವಕ್ಕೆ ಸಮನಾದದ್ದನ್ನೋ ಕೇಳುತ್ತವೆ.

120 ಗಂಟೆಯ ಒಳಗೆ ಏನಿರಬೇಕು?

ಸೆಲ್ಟಾದ ಮೂಲ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್ ಎಂಬ ಭಾಷಾ ಶಾಲೆಯಲ್ಲಿದೆ. ಅಲ್ಲಿ 1962ರಲ್ಲಿ ಜಾನ್ ಹೇಕ್ರಾಫ್ಟ್ ಅವರು ಹೊಸ ಶಿಕ್ಷಕರಿಗಾಗಿ ಕಿರು ಅವಧಿಯ ತರಬೇತಿ ಆರಂಭಿಸಿದರು. ಹೊಸಬರನ್ನು ಬೇಗನೆ ತರಗತಿಗೆ ಇಳಿಸಿ, ಪಾಠ ಮಾಡಿಸಿ, ತಿದ್ದುವುದು ಅದರ ವಿಧಾನ. ಮುಂದೆ ಇದೇ ಬಗೆಯ ತರಬೇತಿಯ ಪ್ರಮಾಣಪತ್ರವನ್ನು ರಾಯಲ್ ಸೊಸೈಟಿ ಆಫ್ ಆರ್ಟ್ಸ್ ವಹಿಸಿಕೊಂಡಿತು. 1988ರಲ್ಲಿ ಅದು ಕೇಂಬ್ರಿಜ್‌ಗೆ ಬಂತು. ಅಂದಿನಿಂದ ಇಂದಿನವರೆಗೂ ಆ ವಿಧಾನ ಬದಲಾಗಿಲ್ಲ.

ಸೆಲ್ಟಾದಲ್ಲಿ ಕನಿಷ್ಠ 120 ಗಂಟೆಗಳ ತರಬೇತಿ ಇರುತ್ತದೆ. ಪೂರ್ಣಾವಧಿಯಾದರೆ ನಾಲ್ಕೈದು ವಾರ. ಅರೆಕಾಲಿಕವಾದರೆ ಕೆಲವು ತಿಂಗಳು. ಇದರಲ್ಲಿ ಅಭ್ಯರ್ಥಿಯು ನಿಜವಾದ ಕಲಿಯುವವರಿಗೆ ಆರು ಗಂಟೆ ಪಾಠ ಮಾಡಲೇಬೇಕು. ಎದುರಿಗೆ ಇರುವವರು ಸಹಪಾಠಿಗಳಲ್ಲ, ಇಂಗ್ಲಿಷ್ ಕಲಿಯಲೆಂದೇ ಬಂದ ಹಿರಿಯರು. ಒಂದೇ ಮಟ್ಟದವರಿಗೆ ಮಾಡಿದರೆ ಸಾಲದು. ಎರಡು ಬೇರೆ ಬೇರೆ ಮಟ್ಟದ ತರಗತಿಗಳಿಗೆ ಮಾಡಬೇಕು. ತರಬೇತುದಾರರು ಹಿಂದೆ ಕುಳಿತು ಪ್ರತಿಯೊಂದನ್ನೂ ಬರೆದುಕೊಳ್ಳುತ್ತಾರೆ. ನಲವತ್ತು ನಿಮಿಷದ ಪಾಠದಲ್ಲಿ ಮೂವತ್ತು ನಿಮಿಷ ನೀವೇ ಮಾತಾಡಿದಿರಿ, ಕಲಿಯುವವರಿಗೆ ಬಾಯಿ ಬಿಡಲು ಅವಕಾಶವೇ ಸಿಗಲಿಲ್ಲ ಎಂದು ಮುಖಕ್ಕೆ ಹೇಳುತ್ತಾರೆ. ಮರುದಿನ ಅದನ್ನು ತಿದ್ದಿಕೊಂಡು ಮತ್ತೆ ನಿಲ್ಲಬೇಕು. ಇದಲ್ಲದೆ ಅನುಭವಿ ಶಿಕ್ಷಕರ ಪಾಠಗಳನ್ನು ಆರು ಗಂಟೆ ಕುಳಿತು ನೋಡಬೇಕು, ನಾಲ್ಕು ಲಿಖಿತ ಕೆಲಸಗಳನ್ನು ಒಪ್ಪಿಸಬೇಕು. ಕೊನೆಗೊಂದು ಪರೀಕ್ಷೆ ಎಂಬುದಿಲ್ಲ. ಉದ್ದಕ್ಕೂ ಮೌಲ್ಯಮಾಪನ ನಡೆಯುತ್ತದೆ. ಕೇಂದ್ರವು ಸರಿಯಾಗಿ ನಡೆಸಿದೆಯೇ ಎಂದು ನೋಡಲು ಹೊರಗಿನ ಪರಿವೀಕ್ಷಕರೂ ಇರುತ್ತಾರೆ.

ಟ್ರಿನಿಟಿಯ ಪ್ರಮಾಣಪತ್ರವೂ ಇದೇ ತೂಕದ್ದು. ಅದರಲ್ಲೂ ನಿಜವಾದ ಕಲಿಯುವವರಿಗೆ ಆರು ಗಂಟೆ ಪಾಠ ಕಡ್ಡಾಯ. ಅದರಲ್ಲಿರುವ ಒಂದು ವಿಶೇಷ ನಮಗೆ ಬಹಳ ಇಷ್ಟವಾಯಿತು. ಶಿಕ್ಷಕರಾಗಲು ಬಂದವರನ್ನೇ ಕೂರಿಸಿ, ಅವರಿಗೆ ಏನೇನೂ ಗೊತ್ತಿಲ್ಲದ ಭಾಷೆಯೊಂದನ್ನು ಕೆಲವು ಗಂಟೆ ಕಲಿಸುತ್ತಾರೆ. ಅರ್ಥವಾಗದ ಭಾಷೆಯ ಎದುರು ಕುಳಿತಾಗ ಹೊಸ ವಿದ್ಯಾರ್ಥಿಗೆ ಏನಾಗುತ್ತದೆ ಎಂಬುದು ಅನುಭವಕ್ಕೆ ಬರಲಿ ಎಂದು.

ಈಗ ಅಗ್ಗದ ಆನ್‌ಲೈನ್ ಪ್ರಮಾಣಪತ್ರವನ್ನು ನೋಡೋಣ. '120 ಗಂಟೆ' ಎಂಬ ಅದೇ ಸಂಖ್ಯೆ ಅದರಲ್ಲೂ ಇದೆ. ಆದರೆ ಹೆಚ್ಚಿನವುಗಳಲ್ಲಿ ಅದು ವಿಡಿಯೋ ನೋಡಲು, ಪುಟ ಓದಲು, ಸರಿ ಉತ್ತರ ಗುರುತಿಸಲು ಬೇಕಾಗುವುದೆಂದು ಸಂಸ್ಥೆಯೇ ಅಂದಾಜು ಮಾಡಿದ ಸಮಯ. ಚುರುಕಾದ ಹುಡುಗಿ ಅದನ್ನು ಒಂದು ವಾರದಲ್ಲಿ ಮುಗಿಸಬಹುದು. ಪಾಠ ಮಾಡಿದ ಗಂಟೆ ಸೊನ್ನೆ. ವ್ಯಾಕರಣದ ಜ್ಞಾನಕ್ಕೆ, ವಿಷಯದ ಪರಿಚಯಕ್ಕೆ ಇದರಿಂದ ಪ್ರಯೋಜನ ಇಲ್ಲವೆಂದಲ್ಲ. ಆದರೆ ಈಜಿನ ಪುಸ್ತಕ ಓದಿದವರನ್ನು ಈಜು ಕಲಿಸಲು ಯಾರೂ ಕರೆಯುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಆನ್‌ಲೈನ್ ಎಂಬ ಕಾರಣಕ್ಕೇ ಯಾವುದೂ ಕೀಳಲ್ಲ. ಕೋವಿಡ್ ನಂತರ ಸೆಲ್ಟಾವನ್ನೂ ಪೂರ್ತಿ ಆನ್‌ಲೈನ್‌ನಲ್ಲಿ ಮಾಡಬಹುದು, ಪ್ರಮಾಣಪತ್ರ ಒಂದೇ. ಅಲ್ಲಿಯೂ ನಿಜವಾದ ವಿದ್ಯಾರ್ಥಿಗಳು ಪರದೆಯ ಮೇಲೆ ಇರುತ್ತಾರೆ, ತರಬೇತುದಾರರು ನೋಡುತ್ತಿರುತ್ತಾರೆ. ಮನೆ ಬಿಟ್ಟು ದೂರದ ನಗರದಲ್ಲಿ ಒಂದು ತಿಂಗಳು ಇರಲಾಗದ ಹೆಣ್ಣುಮಕ್ಕಳಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಪಾಠ ಮಾಡಿಸುತ್ತಾರೆಯೇ, ನೋಡಿ ತಿದ್ದುತ್ತಾರೆಯೇ ಎಂಬುದೇ ಮುಖ್ಯ.

'ಮಾನ್ಯತೆ' ಎಂಬ ಮಾತು

ಬಹುತೇಕ ಎಲ್ಲ ಜಾಹೀರಾತುಗಳಲ್ಲೂ 'ಮಾನ್ಯತೆ ಪಡೆದ' ಎಂಬ ಮಾತು ಇರುತ್ತದೆ. ಮಾನ್ಯತೆ ಕೊಟ್ಟವರು ಯಾರು ಎಂದು ಕೇಳಿ. ಖಾಸಗಿ ಸಂಸ್ಥೆಯೊಂದು ಮತ್ತೊಂದು ಖಾಸಗಿ ಸಂಸ್ಥೆಗೆ ಹಣ ಪಡೆದು ಮಾನ್ಯತೆ ಕೊಡುವುದೂ ಇದೆ. ಅದು ಸರ್ಕಾರದ ಮಾನ್ಯತೆಯಲ್ಲ.

ಇಂಗ್ಲೆಂಡಿನಲ್ಲಿ ಇಂತಹ ವೃತ್ತಿ ಪ್ರಮಾಣಪತ್ರಗಳ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರದ ಹೆಸರು ಆಫ್‌ಕ್ವಾಲ್. ಅದರ ಪಟ್ಟಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರಮಾಣಪತ್ರದ ಹೆಸರನ್ನೋ ಸಂಖ್ಯೆಯನ್ನೋ ಹಾಕಿದರೆ ಅದು ಪಟ್ಟಿಯಲ್ಲಿದೆಯೇ, ಯಾವ ಹಂತದ್ದು ಎಂದು ತಿಳಿಯುತ್ತದೆ. ಸೆಲ್ಟಾ ಮತ್ತು ಟ್ರಿನಿಟಿಯ ಪ್ರಮಾಣಪತ್ರ ಎರಡೂ ಅಲ್ಲಿ 5ನೇ ಹಂತದಲ್ಲಿವೆ.

ಇಲ್ಲೂ ಒಂದು ಎಚ್ಚರ ಬೇಕು. ಪಾಠ ಮಾಡಿಸದ ಕೆಲವು ಆನ್‌ಲೈನ್ ಕೋರ್ಸುಗಳೂ ಈಗ 5ನೇ ಹಂತದ ಪಟ್ಟಿ ಸೇರಿವೆ. 'ಸೆಲ್ಟಾಕ್ಕೆ ಸಮಾನ' ಎಂದು ಅವು ಹೇಳಿಕೊಳ್ಳುತ್ತವೆ. ಹಂತ ಎಂದರೆ ವಿಷಯ ಎಷ್ಟು ಕಠಿಣ ಎಂಬುದರ ಅಳತೆ. ಎಷ್ಟು ಗಂಟೆ ಪಾಠ ಮಾಡಿದ್ದೀರಿ ಎಂಬುದನ್ನು ಅದು ಹೇಳುವುದಿಲ್ಲ. ಹಂತ ಒಂದೇ ಆದ ಮಾತ್ರಕ್ಕೆ ಕೆಲಸ ಕೊಡುವವರ ಕಣ್ಣಿಗೆ ಎರಡೂ ಒಂದೇ ಆಗುವುದಿಲ್ಲ.

ಎಲ್ಲಿ ಕಲಿಸುತ್ತೀರಿ ಎಂಬುದೇ ಮೊದಲ ಪ್ರಶ್ನೆ

ಯಾವ ಪ್ರಮಾಣಪತ್ರ ಒಳ್ಳೆಯದು ಎಂದು ಕೇಳುವ ಮೊದಲು, ಎಲ್ಲಿ ಯಾರಿಗೆ ಕಲಿಸುತ್ತೇನೆ ಎಂದು ನಿರ್ಧರಿಸಬೇಕು. ಊರು ಬದಲಾದರೆ ಉತ್ತರವೂ ಬದಲಾಗುತ್ತದೆ.

ನಮ್ಮ ಊರಿನ ಶಾಲೆಯಲ್ಲಿ ಕಲಿಸುವುದಾದರೆ: ಇಲ್ಲಿ ಟೆಫಲ್ ಆಗಲಿ ಸೆಲ್ಟಾ ಆಗಲಿ ಬಿ.ಎಡ್. ಅಥವಾ ಡಿ.ಎಲ್.ಎಡ್.ನ ಜಾಗ ತುಂಬುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ನಿಗದಿ ಮಾಡಿದೆ. ಒಂದರಿಂದ ಎಂಟನೇ ತರಗತಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಇದೆ. ಲಕ್ಷ ರೂಪಾಯಿ ಕೊಟ್ಟು ಸೆಲ್ಟಾ ಮಾಡಿದವರೂ ಬಿ.ಎಡ್. ಇಲ್ಲದೆ ಇಲ್ಲಿ ಪೂರ್ಣ ಅರ್ಹತೆಯ ಹೈಸ್ಕೂಲ್ ಶಿಕ್ಷಕರಾಗಲಾರರು.

ಕೊಲ್ಲಿಯ ಶಾಲೆಗಳಲ್ಲಾದರೆ: ಅಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಗಳು ಬಹಳ ಇವೆ. ನಮ್ಮವರಿಗೆ ಕೆಲಸ ಸಿಗುವುದು ಹೆಚ್ಚಾಗಿ ಅಲ್ಲೇ. ಅವು ಸಾಮಾನ್ಯವಾಗಿ ಕೇಳುವುದು ಪದವಿ, ಬಿ.ಎಡ್. ಮತ್ತು ಅನುಭವ. ಸೆಲ್ಟಾ ಇದ್ದರೆ ಅದು ಹೆಚ್ಚುವರಿ ಗುಣ, ಅಷ್ಟೇ.

ಕೊಲ್ಲಿಯ ಭಾಷಾ ತರಬೇತಿ ಕೇಂದ್ರಗಳಲ್ಲಾದರೆ: ದೊಡ್ಡವರಿಗೆ, ಉದ್ಯೋಗಿಗಳಿಗೆ ಇಂಗ್ಲಿಷ್ ಕಲಿಸುವ ಕೇಂದ್ರಗಳು ಇವು. ಸೆಲ್ಟಾ ಅಥವಾ ಟ್ರಿನಿಟಿಗೆ ಬೆಲೆ ಬರುವುದು ಇಲ್ಲಿ. ವಿಶ್ವವಿದ್ಯಾಲಯಗಳ ಮೊದಲ ವರ್ಷದ ಇಂಗ್ಲಿಷ್ ತರಗತಿಗಳಿಗೆ ಇದರ ಮೇಲೆ ಎಂ.ಎ. ಪದವಿಯನ್ನೂ ಕೇಳುವುದುಂಟು.

ಚೀನಾ, ಕೊರಿಯಾ ಎಂದು ಜಾಹೀರಾತು ನೋಡಿ ಹೊರಟವರಿಗೆ: ಟೆಫಲ್ ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವ ದೇಶಗಳಿವು. ಆದರೆ ಅಲ್ಲಿನ ವೀಸಾ ನಿಯಮವು ಪ್ರಮಾಣಪತ್ರಕ್ಕಿಂತ ಮೊದಲು ಪಾಸ್‌ಪೋರ್ಟನ್ನು ನೋಡುತ್ತದೆ. ಚೀನಾದಲ್ಲಿ ಇಂಗ್ಲಿಷ್ ಶಿಕ್ಷಕರ ಪರವಾನಗಿ ಮುಖ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶಗಳ ಪದವೀಧರರಿಗೆ. ದಕ್ಷಿಣ ಕೊರಿಯಾದ ಇ-2 ವೀಸಾ ಇಂಗ್ಲಿಷ್ ಶಿಕ್ಷಕರ ವಿಷಯದಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಿಂದ ಭಾರತೀಯರಿಗೂ ಅಲ್ಲಿನ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವ ಒಂದು ಸಣ್ಣ ದಾರಿ ಇದೆ. ಆದರೆ ಅದಕ್ಕೂ ಪದವಿಯ ಜತೆ ಇಂಗ್ಲಿಷ್ ವಿಷಯದ ಶಿಕ್ಷಕ ಅರ್ಹತೆ ಬೇಕು. ಅಂದರೆ ಅಲ್ಲಿಯೂ ಬಿ.ಎಡ್.ನಂತಹ ಅರ್ಹತೆಗೇ ಬೆಲೆ. ಟೆಫಲ್ ಪ್ರಮಾಣಪತ್ರ ಒಂದರಿಂದ ಆಗುವುದಿಲ್ಲ.

ಮನೆಯಿಂದಲೇ ಆನ್‌ಲೈನ್ ಪಾಠವಾದರೆ: ಒಂದು ಕಾಲದಲ್ಲಿ ಚೀನಾದ ಮಕ್ಕಳಿಗೆ ಪಾಠ ಹೇಳುವ ಕಂಪನಿಗಳು ಹೊರದೇಶಗಳ ಅಪಾರ ಶಿಕ್ಷಕರನ್ನು ತೆಗೆದುಕೊಳ್ಳುತ್ತಿದ್ದವು. 2021ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಶಾಲಾ ಮಕ್ಕಳ ಖಾಸಗಿ ಟ್ಯೂಷನ್ ಮೇಲೆ ಕಟ್ಟುನಿಟ್ಟಿನ ನಿಯಮ ತಂದು, ಹೊರದೇಶದಲ್ಲಿ ಕುಳಿತವರಿಂದ ಪಾಠ ಹೇಳಿಸುವುದನ್ನು ನಿಲ್ಲಿಸಿತು. ಆ ಮಾರುಕಟ್ಟೆ ಒಂದೇ ಸಲಕ್ಕೆ ಕುಸಿಯಿತು. ಈಗ ಇರುವ ಜಾಲತಾಣಗಳಲ್ಲಿ ಶಿಕ್ಷಕರು ಬಹಳ, ವಿದ್ಯಾರ್ಥಿಗಳನ್ನು ಅವರೇ ಹುಡುಕಿಕೊಳ್ಳಬೇಕು, ಗಂಟೆಯ ದರ ಕಡಿಮೆ. ಆರಂಭಕ್ಕೆ ಅಗ್ಗದ ಪ್ರಮಾಣಪತ್ರ ಸಾಕಾಗಬಹುದು, ಆದರೆ ಅದನ್ನೇ ನಂಬಿ ಮನೆ ನಡೆಸುವ ಲೆಕ್ಕ ಹಾಕಬೇಡಿ.

ಕಾಗದದ ಖರ್ಚನ್ನೂ ಲೆಕ್ಕ ಹಾಕಿ

ವಿದೇಶಕ್ಕೆ ಹೋಗುವವರು ಮರೆಯುವ ಒಂದು ಖರ್ಚಿದೆ: ದೃಢೀಕರಣ. ನಮ್ಮ ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಿಂದ ಮುದ್ರೆ ಬೀಳಬೇಕು. ಅಪಾಸ್ಟೀಲ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಅಲ್ಲಿಗೆ ಮುಗಿಯಿತು. ಭಾರತ 2005ರಲ್ಲಿ ಸೇರಿದೆ, ಸೌದಿ ಅರೇಬಿಯಾದಲ್ಲಿ ಈ ಒಪ್ಪಂದ 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಂದಕ್ಕೆ ಸೇರದ ದೇಶವಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಬ್ರಿಟನ್ನಿನ ಖಾಸಗಿ ಸಂಸ್ಥೆಯೊಂದು ಇಮೇಲಿನಲ್ಲಿ ಕಳಿಸಿದ ಪ್ರಮಾಣಪತ್ರಕ್ಕೆ ಇಂತಹ ಮುದ್ರೆ ಬೇಕೆಂದಾದರೆ ಅದು ಬ್ರಿಟನ್ನಿನಲ್ಲೇ ಆಗಬೇಕು. ಇಲ್ಲಿಂದ ಅದನ್ನು ಮಾಡಿಸಲು ಹೋದರೆ ಕೋರ್ಸಿನ ಶುಲ್ಕಕ್ಕಿಂತ ಮುದ್ರೆಯ ಖರ್ಚೇ ಹೆಚ್ಚಾಗಬಹುದು. ಹಾಗಾಗಿ ದೃಢೀಕರಿಸಿದ ಕಾಗದ ಕೊಡುತ್ತೀರಾ, ಎಷ್ಟು ಶುಲ್ಕ ಎಂದು ಸೇರುವ ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ.

ನಮ್ಮ ದೇಶದಲ್ಲೇ ಇರುವ ದಾರಿಗಳು

ವಿದೇಶಿ ಹೆಸರು ಇದ್ದರಷ್ಟೇ ಬೆಲೆ ಎಂಬ ಭಾವನೆ ಬೇಡ. ಇಂಗ್ಲಿಷ್ ಕಲಿಸುವ ವಿದ್ಯೆಯನ್ನು ಹೇಳಿಕೊಡಲೆಂದೇ ನಮ್ಮಲ್ಲಿ ಹಳೆಯ ಸಂಸ್ಥೆಗಳಿವೆ. ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯು 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ 'ಇಫ್ಲೂ', ಆಯಿತು. ಇಂಗ್ಲಿಷ್ ಬೋಧನೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಅಲ್ಲಿನ ಹೆಸರಾಂತ ಕೋರ್ಸು. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣದ ರಾಜ್ಯಗಳ ಸರ್ಕಾರಿ ಶಾಲಾ ಶಿಕ್ಷಕರಿಗೆ ಅದು ತರಬೇತಿ ಕೊಡುತ್ತ ಬಂದಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ನಾವೆಲ್ಲ 'ಇಗ್ನೋ' ಎನ್ನುವುದು, ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ ಬಗ್ಗೆ ಆರು ತಿಂಗಳ ದೂರಶಿಕ್ಷಣ ಪ್ರಮಾಣಪತ್ರ ರೂಪಿಸಿದೆ. ಇವೆಲ್ಲ ನಮ್ಮ ಸರ್ಕಾರದ ಅಡಿಯ ಸಂಸ್ಥೆಗಳಾದ್ದರಿಂದ ಕಾಗದದ ಬೆಲೆಯ ಬಗ್ಗೆ ಅನುಮಾನವಿಲ್ಲ, ದೃಢೀಕರಣವೂ ಇಲ್ಲೇ ಆಗುತ್ತದೆ. ಆಯಾ ವರ್ಷ ಯಾವ ಕೋರ್ಸಿಗೆ ಪ್ರವೇಶ ನಡೆಯುತ್ತಿದೆ ಎಂಬುದನ್ನು ಅವರ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ನಮ್ಮ ಇಂಗ್ಲಿಷ್ ಎಷ್ಟು ಗಟ್ಟಿ?

ಇನ್ನೊಂದು ಮಾತನ್ನು ನೋವಾಗದಂತೆ ಹೇಳಬೇಕಿದೆ. ಭಾಷಾ ಜ್ಞಾನವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುವ ಯುರೋಪಿನ ಮಾಪನವೊಂದಿದೆ. ಸೆಲ್ಟಾಕ್ಕೆ ಸೇರುವವರ ಇಂಗ್ಲಿಷ್ ಅದರ ಮೇಲಿನ ಎರಡು ಮೆಟ್ಟಿಲುಗಳಲ್ಲಿ ಇರಬೇಕೆಂದು ಕೇಂಬ್ರಿಜ್ ಹೇಳುತ್ತದೆ. ಸೇರಿಸಿಕೊಳ್ಳುವ ಮೊದಲು ಲಿಖಿತ ಕೆಲಸ ಕೊಟ್ಟು, ಸಂದರ್ಶನ ಮಾಡುತ್ತಾರೆ. ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕವಾಗಿ ಓದಿ ಒಳ್ಳೆಯ ಅಂಕ ಪಡೆದವರಲ್ಲೂ ಹತ್ತು ನಿಮಿಷ ತಡವರಿಸದೆ ಮಾತಾಡಲು ಕಷ್ಟಪಡುವವರಿದ್ದಾರೆ. ಅದು ಅವರ ತಪ್ಪಲ್ಲ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷನ್ನು ಬರೆಸುವಷ್ಟು ಮಾತಾಡಿಸುವುದಿಲ್ಲ. ಅಂಥವರು ಒಂದು ವರ್ಷ ತಮ್ಮ ಇಂಗ್ಲಿಷಿಗೇ ಸಮಯ ಕೊಡಲಿ. ಪ್ರವೇಶಕ್ಕೆ ಇಂಥ ಸಂದರ್ಶನವನ್ನೇ ಮಾಡದೆ ಯಾರು ಹಣ ಕಟ್ಟಿದರೂ ಸೇರಿಸಿಕೊಳ್ಳುವ ಕೋರ್ಸು ಎಂದರೆ ಅಲ್ಲೇ ಅನುಮಾನ ಪಡಬೇಕು.

ಹಾಗೆಂದು ಎದೆಗುಂದಬೇಕಿಲ್ಲ. ಹುಟ್ಟಿನಿಂದ ಇಂಗ್ಲಿಷ್ ಆಡುವವರೇ ಒಳ್ಳೆಯ ಇಂಗ್ಲಿಷ್ ಶಿಕ್ಷಕರು ಎಂಬ ನಂಬಿಕೆ ಈ ಕ್ಷೇತ್ರದಲ್ಲಿ ಬಹುಕಾಲ ಇತ್ತು. ವೀಸಾ ನಿಯಮಗಳಲ್ಲಿ ಇನ್ನೂ ಇದೆ. ಉಗಾಂಡದ ಮೆಕೆರೆರೆಯಲ್ಲಿ 1961ರಲ್ಲಿ ನಡೆದ ಇಂಗ್ಲಿಷ್ ಬೋಧನೆಯ ಸಮ್ಮೇಳನದಿಂದ ಹಬ್ಬಿದ ತಪ್ಪು ನಂಬಿಕೆಗಳಲ್ಲಿ ಇದೂ ಒಂದು ಎಂದು ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರಲ್ಲಿ ವಾದಿಸಿದರು. ನಮ್ಮ ಕರಾವಳಿಯ ಮಕ್ಕಳನ್ನು ನೋಡಿದರೆ ಆ ವಾದ ಸರಿ ಎನಿಸುತ್ತದೆ. ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ದಖನಿ ಉರ್ದು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಟ್ರಿನಿಟಿಯವರು ಗೊತ್ತಿಲ್ಲದ ಭಾಷೆಯ ಪಾಠಕ್ಕೆ ಕೂರಿಸಿ ಕಲಿಸುವುದನ್ನು ಇವರು ಬಾಲ್ಯದಲ್ಲೇ ಅನುಭವಿಸಿದ್ದಾರೆ.

ಒಂದು ಸಣ್ಣ ಉದಾಹರಣೆ. ನಮ್ಮಲ್ಲಿ ಬಹಳ ಮಂದಿ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ತಪ್ಪು. 'ಐ ಸಾ ಹಿಮ್ ಯೆಸ್ಟರ್‌ಡೇ' ಎನ್ನಬೇಕು. ಲಂಡನ್ನಿನ ಶಿಕ್ಷಕರು ತಪ್ಪು ಎಂದು ತಿದ್ದಬಲ್ಲರು. ತಪ್ಪು ಎಲ್ಲಿಂದ ಬಂತೆಂದು ಹೇಳಬಲ್ಲವರು ನಮ್ಮ ಹುಡುಗಿ: ಕನ್ನಡದಲ್ಲಿ 'ಅವನನ್ನು ನಿನ್ನೆ ನೋಡಿದ್ದೇನೆ' ಎಂಬುದು ಸಹಜ, ಅದೇ ಇಂಗ್ಲಿಷಿಗೂ ಇಳಿದಿದೆ. ಒಳ್ಳೆಯ ತರಬೇತಿ ಸಿಕ್ಕಿದರೆ ಈ ತಿಳಿವಳಿಕೆಯೇ ಬಂಡವಾಳ. ವಿಡಿಯೋ ನೋಡಿ ಮುಗಿಸುವ ಕೋರ್ಸಿನಲ್ಲಿ ಇದು ಹೊರಗೆ ಬರುವುದೇ ಇಲ್ಲ.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಪೋಷಕರು ಮತ್ತು ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಸಂಸ್ಥೆಗೆ ಕಳಿಸಲಿ. ಉತ್ತರ ಬರಹದಲ್ಲಿ ಬರಲಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

1. ನಿಜವಾದ ಕಲಿಯುವವರಿಗೆ ಎಷ್ಟು ಗಂಟೆ ಪಾಠ ಮಾಡಬೇಕು? ಆರು ಗಂಟೆಗಿಂತ ಕಡಿಮೆಯೇ?

2. ಆ ಪಾಠವನ್ನು ಯಾರು ನೋಡುತ್ತಾರೆ? ಅವರ ಅರ್ಹತೆ ಏನು? ಲಿಖಿತ ಅಭಿಪ್ರಾಯ ಕೊಡುತ್ತಾರೆಯೇ?

3. ಪ್ರಮಾಣಪತ್ರ ಕೊಡುವವರು ಯಾರು? ಕೋರ್ಸು ನಡೆಸುವ ಕೇಂದ್ರವೇ, ಹೊರಗಿನ ಸಂಸ್ಥೆಯೇ? ಹೊರಗಿನ ಸಂಸ್ಥೆಯಾದರೆ, ಅದರ ಅಧಿಕೃತ ಕೇಂದ್ರಗಳ ಪಟ್ಟಿಯಲ್ಲಿ ಈ ಕೇಂದ್ರದ ಹೆಸರಿದೆಯೇ?

4. ಮಾನ್ಯತೆ ಕೊಟ್ಟವರು ಸರ್ಕಾರದವರೇ, ಖಾಸಗಿಯವರೇ?

5. ಪ್ರವೇಶಕ್ಕೆ ಸಂದರ್ಶನ ಇದೆಯೇ? ಅನುತ್ತೀರ್ಣರಾಗುವ ಸಾಧ್ಯತೆ ಇದೆಯೇ? ಯಾರೂ ಅನುತ್ತೀರ್ಣರಾಗದ ಕೋರ್ಸಿಗೆ ಕೆಲಸ ಕೊಡುವವರು ಬೆಲೆ ಕೊಡುವುದಿಲ್ಲ.

6. ಒಟ್ಟು ಖರ್ಚು ಎಷ್ಟು? ಪ್ರಮಾಣಪತ್ರದ ಶುಲ್ಕ, ಅಂಚೆ, ದೃಢೀಕರಣ ಎಲ್ಲ ಸೇರಿದೆಯೇ? ಮಧ್ಯದಲ್ಲಿ ಬಿಟ್ಟರೆ ಹಣ ಮರಳಿ ಬರುತ್ತದೆಯೇ?

7. 'ಕೆಲಸ ಗ್ಯಾರಂಟಿ' ಎಂದಿದ್ದರೆ, ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಯಾವ ದೇಶದಲ್ಲಿ, ಯಾವ ವೀಸಾದ ಮೇಲೆ? ಬರಹದಲ್ಲಿ ಕೊಡುತ್ತಾರೆಯೇ?

ಈ ಪ್ರಶ್ನೆಗಳ ಜತೆಗೆ ಇನ್ನೊಂದು ಸರಳ ಪರೀಕ್ಷೆ ಇದೆ. ನೀವು ಹೋಗಬೇಕೆಂದಿರುವ ಊರಿನ ನಾಲ್ಕೈದು ಶಾಲೆ ಅಥವಾ ಕೇಂದ್ರಗಳ ಉದ್ಯೋಗ ಪ್ರಕಟಣೆಗಳನ್ನು ತೆಗೆದು ಓದಿ. ಅವರು ಏನು ಕೇಳುತ್ತಾರೋ ಅದೇ ನಿಮ್ಮ ಉತ್ತರ. ಅಲ್ಲಿರುವ ಸಂಬಂಧಿಕರು ಅಥವಾ ಊರಿನವರು ಇದ್ದರೆ ಅವರಿಂದ ವಿಚಾರಿಸಿ. ಕೋರ್ಸು ಮಾರುವವರು ಹೇಳುವುದಕ್ಕಿಂತ ಕೆಲಸ ಕೊಡುವವರು ಹೇಳುವುದು ಮುಖ್ಯ.

ಇನ್ನು ಮುಂದೆ ನಮ್ಮ ನಿಯಮ

ಸಮಿತಿಯು ಈ ವಿಷಯವನ್ನು ಚರ್ಚಿಸಿ ಈ ಕೆಳಗಿನ ತೀರ್ಮಾನಕ್ಕೆ ಬಂದಿದೆ. ದಾನಿಗಳ ಅವಗಾಹನೆಗೂ ಇದನ್ನು ಇಡುತ್ತಿದ್ದೇವೆ.

ಶಾಲೆಯಲ್ಲಿ ಕಲಿಸುವ ಉದ್ದೇಶ ಇರುವವರಿಗೆ, ಊರಲ್ಲಾಗಲಿ ಕೊಲ್ಲಿಯಲ್ಲಾಗಲಿ, ನಮ್ಮ ಮೊದಲ ನೆರವು ಬಿ.ಎಡ್.ಗೆ. ಎರಡು ವರ್ಷ ದೀರ್ಘ ಎನಿಸಬಹುದು, ಆದರೆ ಆ ಅರ್ಹತೆ ಜೀವನಪೂರ್ತಿ ಉಳಿಯುತ್ತದೆ. ಬಿ.ಎಡ್. ಇದ್ದವರು ಅಥವಾ ಭಾಷಾ ಕೇಂದ್ರಗಳಲ್ಲಿ ಕಲಿಸುವ ಖಚಿತ ಯೋಜನೆ ಇದ್ದವರು ಸೆಲ್ಟಾ ಅಥವಾ ಟ್ರಿನಿಟಿಗೆ ಅರ್ಜಿ ಹಾಕಬಹುದು. ಶುಲ್ಕ ದೊಡ್ಡದಾದ್ದರಿಂದ ಪೂರ್ತಿ ಕೊಡುವುದು ಕಷ್ಟ. ಒಂದು ಭಾಗವನ್ನು ಸಹಾಯಧನವಾಗಿ, ಉಳಿದದ್ದನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡುತ್ತೇವೆ. ಪಾಠ ಮಾಡಿಸದ ಆನ್‌ಲೈನ್ ಪ್ರಮಾಣಪತ್ರಗಳಿಗೆ ಇನ್ನು ನೆರವು ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರಮಾಣಪತ್ರ ಮತ್ತು ಡಿಪ್ಲೊಮಾಗಳಿಗೆ ಎಂದಿನಂತೆ ನೆರವು ಮುಂದುವರಿಯುತ್ತದೆ.

ಅರ್ಜಿಯ ಜತೆ ಮೇಲಿನ ಏಳು ಪ್ರಶ್ನೆಗಳಿಗೆ ಸಂಸ್ಥೆಯಿಂದ ಬಂದ ಲಿಖಿತ ಉತ್ತರ, ಮತ್ತು ನೀವು ಕಲಿಸಬೇಕೆಂದಿರುವ ಊರಿನ ಎರಡು ಉದ್ಯೋಗ ಪ್ರಕಟಣೆಗಳ ಪ್ರತಿ ಇರಬೇಕು. ಇಂಗ್ಲಿಷಿನಲ್ಲಿ ಬರೆಯಲು ತೊಂದರೆಯಾದರೆ ಕಚೇರಿಗೆ ಬನ್ನಿ. ಪತ್ರ ಬರೆಯಲು ನಮ್ಮ ಸ್ವಯಂಸೇವಕರು ನೆರವಾಗುತ್ತಾರೆ. ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ.

ಮೊದಲು ಹೇಳಿದ ಹೆಣ್ಣುಮಗಳ ವಿಷಯ. ಆಕೆ ಈಗ ಊರಿಗೆ ಮರಳಿ ಬಿ.ಎಡ್. ಓದುತ್ತಿದ್ದಾಳೆ. ಈ ಸಲದ ಶುಲ್ಕವನ್ನು ಸಮಿತಿಯೇ ಭರಿಸಿದೆ. ನಮ್ಮ ತಪ್ಪಿಗೆ ಅಷ್ಟಾದರೂ ಮಾಡಬೇಕಿತ್ತು. ಸಂಜೆ ಹೊತ್ತು ಪಕ್ಕದ ಬೀದಿಯ ಹತ್ತು ಮಕ್ಕಳನ್ನು ಕೂರಿಸಿ ಇಂಗ್ಲಿಷ್ ಹೇಳಿಕೊಡುತ್ತಾಳೆ. ನಿವೃತ್ತ ಹೈಸ್ಕೂಲ್ ಶಿಕ್ಷಕಿಯೊಬ್ಬರು ವಾರಕ್ಕೊಮ್ಮೆ ಬಂದು ಹಿಂದೆ ಕುಳಿತು ನೋಡಿ, ಪಾಠ ಮುಗಿದ ಮೇಲೆ ಎಲ್ಲಿ ತಪ್ಪಾಯಿತೆಂದು ಹೇಳುತ್ತಾರೆ. ಅದಕ್ಕೆ ಶುಲ್ಕವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಆಕೆ ನಮ್ಮ ಬಳಿ ಹೇಳಿದ್ದು: ಮೊದಲ ದಿನ ಟೀಚರ್ ಹಿಂದೆ ಕುಳಿತಾಗ ಕೈ ನಡುಗಿತಂತೆ. ಈಗ ಅವರು ಬಾರದ ವಾರ ಪಾಠ ಅರ್ಧ ಮಾಡಿದಂತೆ ಅನಿಸುತ್ತದಂತೆ.